ಹೆಪ್ಪಮ್ಮನ ಕೈಗುಣ

ಹಾಲಿನ ಫ್ಯಾಕ್ಟರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಗೇಟು ಕಾಯುವವನಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರ ಬಾಯಲ್ಲೂ ಅವಳು ಹೆಪ್ಪಮ್ಮ. ಕಾಯಿಸಿ ಆರಿಸಿದ ಹಾಲು ದೊಡ್ಡ ತೊಟ್ಟಿಗೆ ಬಂದು ಬಿದ್ದ ಮೇಲೆ ಅದಕ್ಕೆ ಹೆಪ್ಪು ಹಾಕುವುದು ಅವಳ ಕೆಲಸ. ಇಷ್ಟೇನಾ ಎಂದು ಮೂಗು ಮುರಿಯುವವರು ಅವಳು ರಜೆ ಹಾಕಿದ ದಿನ ಬಂದು ನೋಡಬೇಕಿತ್ತು. ಅದೇ ಹಾಲು, ಅದೇ ಹೆಪ್ಪು, ಅದೇ ಬಿಸಿ. ಮೊಸರು ಮಾತ್ರ ನೀರು ನೀರು. ಅವಳು ಬಂದು ನಿಂತರೆ ಗಟ್ಟಿಯಾಗಿ ಕೂರುತ್ತಿತ್ತು. ಕೈಗುಣ ಎನ್ನುತ್ತಿದ್ದರು ಜನ. ಗಂಡ ಹೋಗಿ, ಮಕ್ಕಳಾಗದೆ, ತನ್ನದೆಂದು ಹೇಳಿಕೊಳ್ಳಲು ಹೆಚ್ಚೇನೂ ಇಲ್ಲದ ಹೆಂಗಸಿಗೆ ಪುಕ್ಕಟೆಯಾಗಿ ಸಿಕ್ಕ ಬಿರುದು ಅದು. ಬೇಡವೆನ್ನಲು ಅವಳೇನು ದಡ್ಡಿಯಲ್ಲ.

ನಿಜ ಹೇಳಬೇಕೆಂದರೆ ಅವಳ ಗುಟ್ಟೆಲ್ಲ ಇದ್ದದ್ದು ಕೈ ತೊಳೆಯುವುದರಲ್ಲಿ. ಹೆಪ್ಪಿನ ಕೋಣೆಗೆ ಕಾಲಿಡುವ ಮುಂಚೆ ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕುತ್ತಿದ್ದಳು. ಮೂಗು ಬಾಯಿಗೆ ಬಟ್ಟೆ, ತಲೆಗೆ ಟೋಪಿ. ಒಳಗೆ ಹೋದವಳೇ ಕಿಟಕಿ ಮುಚ್ಚಿ ಫ್ಯಾನು ಆರಿಸುತ್ತಿದ್ದಳು, ಗಾಳಿಯಲ್ಲಿ ತೇಲಿಬರುವ ಹಾಳುಮೂಳು ಕ್ರಿಮಿಗಳು ಹೆಪ್ಪಿಗೆ ಬೀಳದಿರಲಿ ಎಂದು. ಆ ಹೆಪ್ಪು ಪೊಟ್ಟಣಗಳಲ್ಲಿ ಬರುತ್ತಿತ್ತು. ಬದುಕಿರುವ ಕ್ರಿಮಿಗಳನ್ನೇ ತಣ್ಣಗೆ ಒಣಗಿಸಿ ಮಾಡಿದ ಪುಡಿ. ಪೊಟ್ಟಣದ ಮೈಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಮೂಲೆ ಕತ್ತರಿಸಿ, ಒಂದು ಕಣವೂ ಹಾಳಾಗದಂತೆ ತಟ್ಟಿ ತಟ್ಟಿ ಸುರಿಯುತ್ತಿದ್ದಳು. ಬೆರಳಿಗೆ, ತೋಳಿಗೆ, ಕಣ್ಣಿನ ರೆಪ್ಪೆಗೂ ಒಂದಿಷ್ಟು ಮೆತ್ತುತ್ತಿತ್ತು. ಅದನ್ನು ತೊಳೆದುಕೊಳ್ಳುವ ಪದ್ಧತಿ ಆ ಕೋಣೆಯಲ್ಲಿರಲಿಲ್ಲ. ಅಲ್ಲಿ ಕೊಳಕು ಅಂದರೆ ಮನುಷ್ಯ, ಚೊಕ್ಕ ಅಂದರೆ ಹೆಪ್ಪು. ಕೈ ತೊಳೆಯಬೇಕಾದದ್ದು ಕೆಲಸಕ್ಕೆ ಮೊದಲು. ಆಮೇಲೆ ತೊಳೆದು ಆಗಬೇಕಾದದ್ದೇನು?

ಆ ಕೋಣೆಗೆ ಒಬ್ಬನೇ ಶತ್ರು, ಪೆನಿಸಿಲಿನ್. ಹಸುವಿಗೆ ಕೆಚ್ಚಲು ಬಾವು ಬಂದರೆ ಅದನ್ನು ಚುಚ್ಚುತ್ತಾರೆ. ಚುಚ್ಚಿಸಿದವರು ಕೆಲವು ದಿನ ಹಾಲನ್ನು ಚೆಲ್ಲಬೇಕು. ಯಾರೋ ಒಬ್ಬರು ಚೆಲ್ಲಲು ಮನಸ್ಸು ಬಾರದೆ ಟ್ಯಾಂಕರಿಗೆ ಸುರಿದರೆ ಮುಗಿಯಿತು, ಅಷ್ಟೂ ಹಾಲಿನಲ್ಲಿ ಹೆಪ್ಪಮ್ಮನ ಕ್ರಿಮಿಗಳು ಕಣ್ಣು ಬಿಡುವ ಮೊದಲೇ ಸಾಯುತ್ತಿದ್ದವು. ಮೊಸರಾಗಿರಬೇಕಾದ ತೊಟ್ಟಿಯಲ್ಲಿ ಬರೀ ಬೆಚ್ಚನೆಯ ಹಾಲು ನಿಂತಿರುತ್ತಿತ್ತು. ಅಂಥ ದಿನ ಅವಳು ಆ ಔಷಧಿಯನ್ನು ವಂಶದ ಸಮೇತ ಬೈಯುತ್ತಿದ್ದಳು. ಬಾಯ್ಲರು ನೋಡಿಕೊಳ್ಳುವ ಮುದುಕ, ಅವನೇನು ಕಡಿಮೆ ಬೈಗುಳದವನಲ್ಲ, ಅವನೂ ಕಿವಿ ಮುಚ್ಚಿಕೊಂಡು ಆಚೆ ಹೋಗುತ್ತಿದ್ದ.

ಅವಳಿಗಿದ್ದ ಒಬ್ಬನೇ ತಮ್ಮ ಬಸ್ ಡ್ರೈವರ್. ಅಮ್ಮ ಸತ್ತಾಗ ಇನ್ನೂ ತೊದಲು ಮಾತಾಡುತ್ತಿದ್ದವನು, ಅವಳ ಸೊಂಟದ ಮೇಲೇ ಬೆಳೆದವನು. ಈಗ ಮೀಸೆ ನರೆತರೂ ಅಕ್ಕನನ್ನು ಕೆಣಕುವ ಚಾಳಿ ಬಿಟ್ಟಿರಲಿಲ್ಲ. ಅವಳು ಅವನ ಮನೆಗೆ ಹೋದಾಗಲೆಲ್ಲ, ಅವಳು ಚಪ್ಪಲಿ ಬಿಡುವ ಮುಂಚೆಯೇ ಕೇಳುತ್ತಿದ್ದ, "ಏನಕ್ಕಾ, ನಿನ್ನ ಮಕ್ಕಳೆಲ್ಲ ಹೇಗಿದ್ದಾರೆ?"

"ಚೆನ್ನಾಗಿದ್ದಾರೆ ಕಣೋ. ನಿನ್ನಷ್ಟು ಹಾಳಾಗಿಲ್ಲ."

"ಕೋಟಿಗಟ್ಟಲೆ ಇದ್ದಾರೆ. ಒಬ್ಬನಾದ್ರೂ ನಿನಗೆ ಒಂದು ಲೋಟ ನೀರು ತಂದ್ಕೊಟ್ಟಿದಾನಾ?"

"ನೀನು ತಂದ್ಕೊಟ್ಟಿದೀಯಾ?"

ಅವನ ಹೆಂಡತಿ ಒಳಗಿನಿಂದಲೇ ನಗುತ್ತಿದ್ದಳು.

ಆ ತಮ್ಮ ಒಮ್ಮೆ ದೂರದ ಸರದಿ ಮುಗಿಸಿ ಬಂದವನು ಹೊಟ್ಟೆ ಹಿಡಿದುಕೊಂಡು ಬಿದ್ದ. ದಾರಿಯಲ್ಲಿ ತಿಂದ ಹಳಸಲು ಮಾಂಸವೋ, ಕುಡಿದ ನೀರೋ, ಯಾರಿಗೆ ಗೊತ್ತು. ಮೊದಲು ಭೇದಿ, ಆಮೇಲೆ ಜ್ವರ, ಆಮೇಲೆ ರಕ್ತ. ಡ್ರೈವರುಗಳು ಹೊಟ್ಟೆಯ ಮಾತು ಕೇಳುವುದು ತಡ. ದಾರಿಯುದ್ದಕ್ಕೂ ತಡೆದುಕೊಂಡು ತಡೆದುಕೊಂಡು ಅದು ಅಭ್ಯಾಸವಾಗಿರುತ್ತದೆ. ಇವನೂ "ತಾನಾಗೇ ನಿಲ್ಲುತ್ತೆ ಬಿಡು" ಎಂದು ಮುಸುಕು ಹೊದ್ದು ಮಲಗಿದ. ನಿಲ್ಲಲಿಲ್ಲ. ಆಸ್ಪತ್ರೆಗೆ ಹೊತ್ತುಕೊಂಡು ಹೋಗುವಷ್ಟರಲ್ಲಿ ಕೈಯ ನರಗಳು ಸೂಜಿಗೆ ಸಿಕ್ಕದಷ್ಟು ಬತ್ತಿಹೋಗಿದ್ದವು. ಕುತ್ತಿಗೆಯ ದೊಡ್ಡ ನರಕ್ಕೇ ನಳಿಕೆ ಇಳಿಸಿ, ನೀರು, ಔಷಧಿ, ಎಲ್ಲವನ್ನೂ ಅದರಿಂದಲೇ ಕೊಡತೊಡಗಿದರು.

"ಕೆಟ್ಟ ಕ್ರಿಮಿ ಕರುಳಲ್ಲಿ ಸೇರ್ಕೊಂಡಿದೆ," ಎಂದರು ಹೊಟ್ಟೆ ಡಾಕ್ಟರು. ವಯಸ್ಸು ಹೆಚ್ಚಿಲ್ಲದ, ನಿದ್ದೆ ಕಾಣದ ಕಣ್ಣಿನ ಹೆಂಗಸು. "ಅದಕ್ಕೆ ಔಷಧಿ ನಡೀತಾ ಇದೆ. ಆದ್ರೆ ಕರುಳಿನ ಒಳಗೋಡೆ ಪೂರ್ತಿ ಬಾತು ಹುಣ್ಣಾಗಿದೆ. ಅದು ಮಾಯೋವರೆಗೂ ಕಾಯ್ಬೇಕು."

ಕಾಯುವುದೇನು ಕಡಿಮೆ ಕೆಲಸವೇ? ಫ್ಯಾಕ್ಟರಿ ಮುಗಿಸಿ ಆಸ್ಪತ್ರೆ, ಆಸ್ಪತ್ರೆ ಮುಗಿಸಿ ತಮ್ಮನ ಮನೆಯ ಅಡಿಗೆ, ಮತ್ತೆ ಫ್ಯಾಕ್ಟರಿ. ಬಸ್ಸಿನಲ್ಲಿ ನಿಂತಲ್ಲೇ ಕಣ್ಣು ಮುಚ್ಚಿಹೋಗಿ ಅವಳು ಎಷ್ಟೋ ಸಲ ಇಳಿಯುವ ಜಾಗ ದಾಟಿ ಹೋದಳು. ವಾರ್ಡಿನ ಹೊರಗಿನ ಕುರ್ಚಿಗಳನ್ನು ಮಾಡಿಸಿದವರು ಒಂದು ದಿನವೂ ಅವುಗಳ ಮೇಲೆ ಕೂತವರಲ್ಲ ಎಂಬುದು ಅವಳಿಗೆ ಖಾತ್ರಿಯಾಗಿತ್ತು. ತಮ್ಮನ ಹೆಂಡತಿ ಅಲ್ಲೇ ಮುದುಡಿ ಕೂತಿರುತ್ತಿದ್ದಳು. ಇಬ್ಬರೂ ಎದುರಿನ ಗೋಡೆಯನ್ನು ನೋಡುತ್ತಿದ್ದರು.

ಆ ಯೋಚನೆ ಬಂದದ್ದು ಹಾಗೆ ಕೂತಾಗಲೇ. ಫ್ಯಾಕ್ಟರಿಯಲ್ಲಿ ಈಚೆಗೆ ಹೆಪ್ಪಿನ ಕ್ರಿಮಿಯನ್ನೇ ಸಣ್ಣ ಪೊಟ್ಟಣಗಳಲ್ಲಿ ತುಂಬಿ, ಪ್ರೊಬಯಾಟಿಕ್ ಎಂಬ ಹೆಸರಿಟ್ಟು ಔಷಧಿ ಅಂಗಡಿಗಳಿಗೆ ಕಳಿಸುತ್ತಿದ್ದರು. ಕಂಪನಿಯವರೊಬ್ಬರು ಬಂದು ಗೋಡೆಯ ಮೇಲೆ ಚಿತ್ರ ಬಿಟ್ಟು ವಿವರಿಸಿದ್ದರು. ಒಳ್ಳೆಯ ಕ್ರಿಮಿ ಕರುಳಲ್ಲಿ ಜಾಗ ಹಿಡಿದು ಕೂತರೆ ಕೆಟ್ಟದ್ದಕ್ಕೆ ಕೂರಲು ಎಡೆಯಿರುವುದಿಲ್ಲ, ಬಾವೂ ತಣ್ಣಗಾಗುತ್ತದೆ. ಹೆಪ್ಪಮ್ಮನಿಗೆ ಅದು ಹೊಸದೇನೂ ಅನ್ನಿಸಿರಲಿಲ್ಲ. ತನ್ನವು ಎಂಥವೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಡಾಕ್ಟರು ಹೊರಗೆ ಬಂದಾಗ ಹಿಂದೆಯೇ ಓಡಿ ಕೇಳಿದಳು.

"ಈಗ ಬೇಡ," ಎಂದರು ಡಾಕ್ಟರು ನಡೆಯುತ್ತಲೇ. "ಬಾವು ಇಳೀಲಿ. ಆಮೇಲೆ ನೋಡೋಣ."

ಯಾಕೆ ಬೇಡ ಎನ್ನುವಷ್ಟರಲ್ಲಿ ಅವರು ಇನ್ನೊಂದು ಬಾಗಿಲಲ್ಲಿ ಮಾಯವಾಗಿದ್ದರು. ಬೇಡ ಎಂಬುದಕ್ಕೆ ಕಾರಣ ಕೇಳಿಸದಿದ್ದರೆ ಮನುಷ್ಯರಿಗೆ ಅದು ಬೇಡ ಎಂದು ಕೇಳಿಸುವುದೇ ಇಲ್ಲ. ಪುರುಸೊತ್ತಿಲ್ಲದೆ ತಳ್ಳಿಹಾಕಿದರು ಎಂದೇ ಅವಳು ತಿಳಿದಳು. ಮಾರನೆಯ ದಿನ ಪರ್ಸಿನಲ್ಲಿ ಪೊಟ್ಟಣಗಳಿದ್ದವು.

ಒಳಗೆ ಬಿಡುತ್ತಿದ್ದದ್ದು ಮಧ್ಯಾಹ್ನ, ಅದೂ ಒಬ್ಬರನ್ನೇ. ತಮ್ಮನ ಹೆಂಡತಿ ತನ್ನ ಸರದಿಯನ್ನೂ ಅವಳಿಗೇ ಬಿಟ್ಟುಕೊಟ್ಟಳು. "ನೀವೇ ಹೋಗಿ ಅತ್ತಿಗೆ. ನನ್ನ ನೋಡಿದ್ರೆ ಅವರು ಕಣ್ಣೀರು ಹಾಕ್ತಾರೆ. ನಿಮ್ಮ ಕೈಗುಣ ಒಳ್ಳೇದು."

ಬಾಗಿಲ ಬಳಿಯ ಸಿಂಕಿನಲ್ಲಿ ಹೆಪ್ಪಮ್ಮ ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕಿದಳು. ಅದನ್ನು ನೋಡಿ ನರ್ಸಮ್ಮನಿಗೆ ಖುಷಿಯೋ ಖುಷಿ. "ಎಲ್ರೂ ನಿಮ್ಮ ಹಾಗೆ ಕೈ ತೊಳೆದ್ರೆ ನಮಗೆ ಅರ್ಧ ಕೆಲಸ ಉಳಿಯುತ್ತೆ ನೋಡಿ," ಎಂದು ಇನ್ನೊಬ್ಬರ ಮಂಚದ ಕಡೆ ಹೋದಳು.

ಹೆಪ್ಪಮ್ಮ ಪರದೆ ಎಳೆದಳು. ಕಿಟಕಿ ಮುಚ್ಚಿದಳು. ಫ್ಯಾನು ಆರಿಸಿದಳು. ಪೊಟ್ಟಣದ ಮೈ ಒರೆಸಿ, ಮೂಲೆ ಕತ್ತರಿಸಿ, ತಮ್ಮನ ಎದೆಯ ಮೇಲೆ ಲೋಟ ಹಿಡಿದು ತಟ್ಟಿ ತಟ್ಟಿ ಸುರಿದಳು. ನಿಂತ ಗಾಳಿಯಲ್ಲಿ ಒಂದಿಷ್ಟು ಪುಡಿ ಬಿಳಿಯಾಗಿ ತೇಲಿ, ಹೊದಿಕೆಯ ಮೇಲೂ ದಿಂಬಿನ ಮೇಲೂ ಇಳಿಯಿತು. ಚಮಚದಲ್ಲಿ ಕಲಕಿ ತುಟಿಗೆ ಹಿಡಿದಳು.

"ಏನಿದು?" ಎಂದ ತಮ್ಮ. ಧ್ವನಿ ಗಂಟಲಿಂದ ಈಚೆ ಬರುತ್ತಿರಲಿಲ್ಲ.

"ನನ್ನ ಮಕ್ಕಳು. ಸುಮ್ನೆ ಕುಡಿ."

ಆಸ್ಪತ್ರೆಗೆ ಬಂದ ಮೇಲೆ ಮೊದಲ ಸಲ ಅವನ ತುಟಿಯಂಚು ಅಲುಗಿತು. "ಕೊನೆಗೂ ಕೆಲಸಕ್ಕೆ ಬಂದ್ರು," ಎಂದು ಕುಡಿದ.

ಕುತ್ತಿಗೆಯ ನಳಿಕೆಯ ಮೇಲಿನ ಅಂಟುಪಟ್ಟಿ ಬೆವರಿಗೆ ಬಿಟ್ಟುಕೊಂಡು ಸುರುಳಿ ಸುತ್ತಿತ್ತು. ಅದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಹೆಬ್ಬೆರಳಿನಿಂದ ಸುತ್ತಲೂ ಒತ್ತಿ ಒತ್ತಿ ಸರಿಮಾಡಿದಳು. ಒಳಗೆ ಬಿಟ್ಟ ದಿನವೆಲ್ಲ ಇದೇ ಕ್ರಮ ನಡೆಯಿತು.

ರಕ್ತ ಹೋಗುವುದು ಕಡಿಮೆಯಾಯಿತು. ಡಾಕ್ಟರು ತಲೆಯಾಡಿಸಿದರು. ಡಾಕ್ಟರ ಔಷಧಿಯೇ ಕೆಲಸ ಮಾಡಿರಬಹುದೆಂದು ಹೆಪ್ಪಮ್ಮನಿಗೆ ತೋಚಲೇ ಇಲ್ಲ. ಬಸ್ಸಿನಲ್ಲಿ ನಿಂತು ತೂಕಡಿಸುವಾಗಲೂ ಅವಳ ಮುಖದ ಮೇಲೊಂದು ಸಣ್ಣ ಹೆಮ್ಮೆ ಇರುತ್ತಿತ್ತು.

ಆಮೇಲೆ ಚಳಿ ಬಂತು. ಮಂಚವೇ ಅಲುಗುವಷ್ಟು ನಡುಕ, ಅದರ ಬೆನ್ನಿಗೆ ಮೈ ಮುಟ್ಟಲಾಗದಷ್ಟು ಜ್ವರ. ಇಳಿದರೆ ಮತ್ತೆ ಏರುತ್ತಿತ್ತು. ತಮ್ಮ ಅಕ್ಕನನ್ನು ಗುರುತಿಸದೆ ಬಸ್ಸಿನ ಬ್ರೇಕಿನ ಬಗ್ಗೆ ಏನೇನೋ ಬಡಬಡಿಸಿದ. ಒಳಗೆ ಯಾರನ್ನೂ ಬಿಡುವುದು ನಿಲ್ಲಿಸಿದರು.

ಡಾಕ್ಟರು ಬಂದು ಇಬ್ಬರ ಎದುರಿಗೆ ನಿಂತರು. ನಿಲ್ಲುವುದು ಅವರ ಸ್ವಭಾವವಲ್ಲವಾದ್ದರಿಂದ ವಿಷಯ ಕೆಟ್ಟದ್ದೆಂದು ಹೆಪ್ಪಮ್ಮನಿಗೆ ಆಗಲೇ ತಿಳಿಯಿತು.

"ರಕ್ತದಲ್ಲಿ ಇನ್ನೊಂದು ಕ್ರಿಮಿ ಬೆಳೆದಿದೆ. ಹಳೇದಲ್ಲ, ಬೇರೆ. ಯಾವುದು ಅಂತ ಹೇಳೋಕೆ ಲ್ಯಾಬಿನವರಿಗೆ ಇನ್ನೂ ಎರಡು ಮೂರು ದಿನ ಬೇಕು. ನಳಿಕೆ ಬದಲಾಯಿಸ್ತಾ ಇದೀವಿ. ಬೆಳಿಗ್ಗೆ ಜೋರು ಔಷಧಿನೂ ಶುರು ಮಾಡಿದೀನಿ." ಇಬ್ಬರ ಮುಖವನ್ನೂ ನೋಡಿದರು. "ಅಷ್ಟು ದಿನ ತಡೀತಾರಾ ಅಂತ ನನಗೆ ಗೊತ್ತಿಲ್ಲ. ಸುಳ್ಳು ಹೇಳಲ್ಲ ನಿಮಗೆ."

ತಮ್ಮನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಆ ಕ್ರಿಮಿ," ಎಂದಳು ಹೆಪ್ಪಮ್ಮ, "ಗುಂಡಗಿದೆಯಾ, ಉದ್ದಕ್ಕಿದೆಯಾ?"

ಇಂಥ ಪ್ರಶ್ನೆ ಡಾಕ್ಟರು ನಿರೀಕ್ಷಿಸಿರಲಿಲ್ಲ. "ಉದ್ದಕ್ಕೆ. ಕಡ್ಡಿ ಕಡ್ಡಿ, ಒಂದರ ಬಾಲಕ್ಕೆ ಒಂದು ಸರಪಳಿ ಥರ. ಯಾಕೆ?"

"ಸುಮ್ನೆ ಕೇಳ್ದೆ."

ಸುಮ್ಮನೆ ಕೇಳಿದ್ದಲ್ಲ. ಫ್ಯಾಕ್ಟರಿಯಲ್ಲಿ ಹೆಪ್ಪು ಪರೀಕ್ಷಿಸುವಾಗ ಸೂಕ್ಷ್ಮದರ್ಶಕದ ಕೆಳಗೆ ಅವಳು ದಿನ ಬೆಳಗಾದರೆ ನೋಡುವ ಸರಪಳಿ ಅದು. ಡಾಕ್ಟರು ಹೋದರು. ಅವಳು ಎದ್ದು ಕೈ ತೊಳೆಯುವ ಕಡೆ ಹೋಗಿ ಕೊಳಾಯಿ ತಿರುಗಿಸಿ ನಿಂತಳು. ನೀರು ಹರಿಯುತ್ತಿತ್ತು. ತನ್ನ ಹೆಬ್ಬೆರಳನ್ನೇ ನೋಡಿದಳು. ಪರದೆ, ಕಿಟಕಿ, ಫ್ಯಾನು, ಬಿಳಿ ಪುಡಿ, ಅಂಟುಪಟ್ಟಿ, ಎಲ್ಲ ಒಂದರ ಹಿಂದೊಂದು ಕಣ್ಣಿಗೆ ಕಟ್ಟಿತು. ಜೀವಮಾನವೆಲ್ಲ ಹೆಪ್ಪನ್ನು ಮನುಷ್ಯರಿಂದ ಕಾಪಾಡಿದ್ದಳು. ಮನುಷ್ಯನನ್ನು ಹೆಪ್ಪಿನಿಂದ ಕಾಪಾಡಬೇಕಾದ ದಿನ ಬರಬಹುದೆಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಈ ಮಾತು ಅವಳ ತಲೆಗೆ ಬಂತು, ಬರಲಿಲ್ಲವೆಂದು ಹೇಳುವುದು ತಪ್ಪಾಗುತ್ತದೆ. ಹೇಳಿದರೆ ತಮ್ಮನ ಮನೆಯ ಬಾಗಿಲು ಮುಚ್ಚುತ್ತದೆ. ಆ ಮನೆ ಬಿಟ್ಟರೆ ಅವಳಿಗೆ ಹೋಗಲು ಬೇರೊಂದು ಮನೆಯಿಲ್ಲ. ಸಾಕಾಗಿತ್ತು ಅವಳಿಗೆ, ಕಾಲು, ಬೆನ್ನು, ತಲೆ, ಎಲ್ಲ ಸಾಕಾಗಿತ್ತು. ಎರಡು ಮೂರು ದಿನ ಎಂದಿದ್ದರು ಡಾಕ್ಟರು, ತಮ್ಮ ಅಷ್ಟು ದಿನ ತಡೆಯದೆ ಹೋಗಬಹುದು ಎಂದೂ. ಕೊಳಾಯಿ ನಿಲ್ಲಿಸಿದಳು.

ತಮ್ಮನ ಹೆಂಡತಿಯ ಹತ್ತಿರ ಬಂದು, "ಏಳು, ಡಾಕ್ಟರ ಹತ್ರ ಹೋಗೋಣ," ಎಂದಳು.

"ಏನಾಯ್ತು ಅತ್ತಿಗೆ?"

"ಬಾ. ಎರಡೆರಡು ಸಲ ಹೇಳೋ ಶಕ್ತಿ ನನಗಿಲ್ಲ."

ಡಾಕ್ಟರು ಸಣ್ಣ ಕೋಣೆಯೊಂದರಲ್ಲಿ ನಿಂತೇ ಬ್ರೆಡ್ಡು ತಿನ್ನುತ್ತಿದ್ದರು. ಹೆಪ್ಪಮ್ಮ ಎಲ್ಲವನ್ನೂ ಹೇಳಿದಳು. ಅಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ, ಫ್ಯಾಕ್ಟರಿಯಲ್ಲಿ ಯಾವ ತೊಟ್ಟಿ ಕೆಟ್ಟಿದೆ ಎಂದು ಮ್ಯಾನೇಜರಿಗೆ ಹೇಳುವ ಹಾಗೆ ಹೇಳಿದಳು.

"ನಳಿಕೆ ಮುಟ್ಟಿದ್ರಾ?"

"ಮುಟ್ಟಿದೆ. ಹೀಗೆ," ಎಂದು ಹೆಬ್ಬೆರಳನ್ನು ಗಾಳಿಯಲ್ಲಿ ಸುತ್ತಲೂ ಒತ್ತಿ ತೋರಿಸಿದಳು.

ಡಾಕ್ಟರು ಬ್ರೆಡ್ಡನ್ನು ಕೆಳಗಿಟ್ಟು ಗೋಡೆಗೆ ಒರಗಿದರು. "ಚೆನ್ನಾಗಿರೋ ಕರುಳಲ್ಲಿ ಅದು ಪಾಪದ್ದೇ. ಬಾತು ಬಿರುಕು ಬಿಟ್ಟ ಕರುಳಿಂದ ರಕ್ತಕ್ಕೆ ನುಗ್ಗಿದ್ರೆ, ಇಲ್ಲಾ ನಳಿಕೆಯಿಂದಲೇ ಒಳಗೆ ಹೋದ್ರೆ, ಆಮೇಲೆ ಒಳ್ಳೇದು ಕೆಟ್ಟದ್ದು ಅಂತ ಯಾವ ಕ್ರಿಮಿಯೂ ಇರಲ್ಲ. ಅದಕ್ಕೇ ಬೇಡ ಅಂದಿದ್ದು." ಕೈಗೆ ಹತ್ತಿದ ಬ್ರೆಡ್ಡಿನ ಚೂರು ಕೊಡವಿ, "ಯಾಕೆ ಅಂತ ಹೇಳೋಕೆ ನನಗೂ ಆವತ್ತು ಪುರುಸೊತ್ತಾಗಲಿಲ್ಲ," ಎಂದರು. ಆಮೇಲೆ ನೆಟ್ಟಗಾದರು. "ಬೆಳಿಗ್ಗೆ ಹಾಕಿದ ಔಷಧಿ ಈ ಜಾತಿಗೆ ಬಹಳ ಸಲ ನಾಟಲ್ಲ. ಲ್ಯಾಬಿಗೆ ಈಗಲೇ ಹೇಳ್ತೀನಿ. ನಿಮ್ಮ ಫ್ಯಾಕ್ಟರಿಯ ಕ್ರಿಮಿ ಪೆನಿಸಿಲಿನ್‌ಗೆ ಸಾಯುತ್ತಾ? ನಿಮಗೆ ಗೊತ್ತಿರುತ್ತಲ್ಲ."

"ಸಾಯುತ್ತೆ," ಎಂದಳು ಹೆಪ್ಪಮ್ಮ. "ಒಂದು ತೊಟ್ಟು ಬಿದ್ರೂ ಸಾಯುತ್ತೆ."

ಆ ಮಧ್ಯಾಹ್ನ ನರ್ಸಮ್ಮ ಹೊಸ ಬಾಟಲಿ ತೂಗುಹಾಕಿದ್ದನ್ನು ಅವಳು ಬಾಗಿಲಿನ ಗಾಜಿನಿಂದ ನೋಡಿದಳು. ಮೇಲಿನಿಂದ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು, ಅವಳು ಇಷ್ಟು ವರ್ಷ ಟ್ಯಾಂಕರ್ ಟ್ಯಾಂಕರಿನಲ್ಲಿ ಹುಡುಕಿ, ಬೈದು, ಚರಂಡಿಗೆ ಚೆಲ್ಲಿಸಿದ ಅದೇ ಔಷಧಿ. ಗಾಜಿಗೆ ಹಣೆ ಹಚ್ಚಿದಳು. ಕೊಲ್ಲು, ಎಂದಳು ಮನಸ್ಸಿನಲ್ಲೇ. ಒಂದನ್ನೂ ಬಿಡಬೇಡ. ಅವಳು ಹಾಗೆ ಬೇಡಿಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು.

ಹಿಂದಿನಿಂದ ತಮ್ಮನ ಹೆಂಡತಿ, "ನೀವು ಮನೆಗೆ ಹೋಗಿ ಅತ್ತಿಗೆ," ಎಂದಳು. ಬೈದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು. ಅಷ್ಟು ಹೇಳಿ ದೂರದ ಕುರ್ಚಿಯಲ್ಲಿ ಹೋಗಿ ಕೂತಳು.

ಹೆಪ್ಪಮ್ಮ ಮನೆಗೆ ಹೋದಳು, ಫ್ಯಾಕ್ಟರಿಗೆ ಹೋದಳು, ಪೊಟ್ಟಣ ಕತ್ತರಿಸಿದಳು. ಮೊಸರು ಎಂದಿನಂತೆ ಗಟ್ಟಿಯಾಗಿ ಕೂತಿತ್ತು. ಬಾಯ್ಲರಿನ ಮುದುಕ ಇಣುಕಿ, "ಏನು ಕೈಗುಣಾನಮ್ಮ ನಿಂದು," ಎಂದ. ಅಂದಿನಿಂದ ಕೋಣೆಯಿಂದ ಹೊರಬಂದ ಮೇಲೂ ಕೈ ತೊಳೆಯತೊಡಗಿದಳು.

ಮಧ್ಯಾಹ್ನ ಆಸ್ಪತ್ರೆಗೆ ಹೋಗುವುದನ್ನು ಬಿಡಲಿಲ್ಲ. ಆದರೆ ವಾರ್ಡಿನ ಹತ್ತಿರ ಹೋಗದೆ ಮೆಟ್ಟಿಲ ಬಳಿಯೇ ನಿಲ್ಲುತ್ತಿದ್ದಳು. ಜ್ವರ ಇಳಿದಿದೆ ಎಂದು ನರ್ಸಮ್ಮನಿಂದ ತಿಳಿಯಿತು. ಮತ್ತೆ ಏರಲಿಲ್ಲ ಎಂದೂ ತಿಳಿಯಿತು. ಎರಡನೆಯ ಸಲ ತೆಗೆದ ರಕ್ತದಲ್ಲಿ ಏನೂ ಬೆಳೆಯಲಿಲ್ಲವಂತೆ. ಕರುಳು ಮಾಯಲು ತಿಂಗಳುಗಳೇ ಬೇಕು, ಬಸ್ಸು ಓಡಿಸುವ ಮಾತು ಸದ್ಯಕ್ಕೆ ಬೇಡ ಎಂದಿದ್ದರಂತೆ ಡಾಕ್ಟರು. ಅವಳು ಕೇಳಿಕೊಂಡು, ಕೈಗಂಬಿ ಹಿಡಿದು, ಮೆಟ್ಟಿಲಿಳಿದು ಹೋಗುತ್ತಿದ್ದಳು. ಒಳಗೆ ಹೋಗುತ್ತೇನೆಂದು ಕೇಳುವ ಮುಖ ಅವಳಿಗಿರಲಿಲ್ಲ.

ಹಾಗೊಂದು ಮಧ್ಯಾಹ್ನ ಇಳಿಯಲು ತಿರುಗಿದಾಗ ತಮ್ಮನ ಹೆಂಡತಿ ಹಿಂದೆ ಬಂದು ನಿಂತಿದ್ದಳು. ಅವಳ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು, ಕೂದಲು ಬಾಚಿರಲಿಲ್ಲ.

"ಕೇಳ್ತಾ ಇದಾರೆ," ಎಂದಳು. "ಕೈ ತೊಳ್ಕೊಂಡು ಬನ್ನಿ."

ಸಿಂಕಿನ ಮುಂದೆ ಹೆಪ್ಪಮ್ಮ ಎಷ್ಟು ಹೊತ್ತು ತಿಕ್ಕಿದಳೆಂದರೆ ಕೊನೆಗೆ ತಮ್ಮನ ಹೆಂಡತಿಯೇ ಕೊಳಾಯಿ ನಿಲ್ಲಿಸಬೇಕಾಯಿತು.

ಈಗ ಒಳಗೆ ಇಬ್ಬರನ್ನೂ ಬಿಡುತ್ತಿದ್ದರು. ತಮ್ಮನ ಕುತ್ತಿಗೆಯಲ್ಲಿ ನಳಿಕೆಯಿರಲಿಲ್ಲ, ಸಣ್ಣದೊಂದು ಹತ್ತಿಯ ಪಟ್ಟಿಯಿತ್ತು. ಮುಖ ಮೂಳೆಗೆ ಅಂಟಿಹೋಗಿತ್ತು. ಕಿಟಕಿ ತೆರೆದಿತ್ತು, ಫ್ಯಾನು ತಿರುಗುತ್ತಿತ್ತು. ಅವಳು ಮಂಚದಿಂದ ತುಸು ದೂರಕ್ಕೆ ಕುರ್ಚಿ ಎಳೆದು, ಎರಡೂ ಕೈಗಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಕೂತಳು. ಅವನು ಅವಳನ್ನೇ ನೋಡಿದ. ಎಲ್ಲವೂ ಅವನಿಗೆ ತಿಳಿದಿದೆ ಎಂಬುದು ಅವಳಿಗೆ ಆ ನೋಟದಲ್ಲೇ ಗೊತ್ತಾಯಿತು.

"ಏನಕ್ಕಾ," ಎಂದ, "ನಿನ್ನ ಮಕ್ಕಳೆಲ್ಲ ಹೇಗಿದ್ದಾರೆ?"

ಅವಳು ನೆಲ ನೋಡಿದಳು. "ಸತ್ರು ಕಣೋ."

"ಎಲ್ಲಾ?"

"ನಿನ್ನೊಳಗೆ ಹೊಕ್ಕಿದ್ದೋರೆಲ್ಲಾ. ನಾನೇ ನಿಂತು ಸಾಯಿಸ್ದೆ."

"ಪಾಪ," ಎಂದ. ನಗಲು ಹೋಗಿ ಹೊಟ್ಟೆ ನೊಂದು ಮುಖ ಕಿವಿಚಿದ. ಆಮೇಲೆ ಹೊದಿಕೆಯಿಂದ ಕೈ ಹೊರಗೆ ತೆಗೆದು ಅವಳ ಕಡೆ ಚಾಚಿದ.

ಅವಳ ಕೈ ಮಡಿಲು ಬಿಟ್ಟು ಏಳಲಿಲ್ಲ.

ತಮ್ಮನ ಹೆಂಡತಿ ಮಂಚದ ಆ ಬದಿಯಿಂದ ಸುತ್ತಿಕೊಂಡು ಬಂದಳು. ಅತ್ತಿಗೆಯ ಮುಖ ನೋಡಲಿಲ್ಲ. ಆ ಒದ್ದೆ ಕೈಯನ್ನು ಹಿಡಿದೆತ್ತಿ, ತನ್ನ ಸೆರಗಿನಿಂದ ಒರೆಸಿ, ಗಂಡನ ಅಂಗೈಯಲ್ಲಿಟ್ಟಳು.

"ತೊಳೆದಿದಾರೆ," ಎಂದಳು. "ಹಿಡ್ಕೊಳ್ಳಿ."

ಅವನು ಹಿಡಿದುಕೊಂಡ. ಹೆಪ್ಪಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಇಷ್ಟು ದಿನದ ಆಯಾಸವೆಲ್ಲ ಒಂದೇ ಸಲ ಬಂದು ಮೇಲೆ ಬಿದ್ದು, ಮಂಚದ ಅಂಚಿಗೆ ತಲೆಯಿಟ್ಟು ಕೂತಲ್ಲೇ ನಿದ್ದೆ ಹೋದಳು. ಹೊತ್ತಾಯಿತೆಂದು ಹೇಳಲು ಬಂದ ನರ್ಸಮ್ಮನಿಗೆ ತಮ್ಮನ ಹೆಂಡತಿ ಎಬ್ಬಿಸಬೇಡಿ ಎಂದು ಕೈಸನ್ನೆ ಮಾಡಿದಳು.